ಬೆಳ್ಳಗಿರುವ ಕಣ್ಣನ್ನು ನಂಬಬಹುದೆ?

ಪೆಟ್ಟಿನ ತೀವ್ರತೆಯನ್ನು ಊತದಿಂದಲೂ ರಕ್ತದಿಂದಲೂ ಅಳೆಯುವುದು ಲೋಕದ ವಾಡಿಕೆ. ಚೆಂಡು ಬಡಿದ ಬಾಲಕನ ಕಣ್ಣು ಕೆಂಪಾಗದೆ ಬೆಳ್ಳಗಿದ್ದರೆ, ಏನೂ ಆಗಿಲ್ಲವೆಂದು ಹಿರಿಯರು ಸಮಾಧಾನ ಹೇಳುವುದುಂಟು. ಈ ಅಳತೆಗೋಲು ಕೆಲವೊಮ್ಮೆ ಮೋಸಮಾಡುತ್ತದೆಂಬುದನ್ನು ವಿದ್ಯಾರ್ಥಿಗಳು ಅರಿತಿರಬೇಕೆಂದು ನಮ್ಮ ಅಭಿಪ್ರಾಯ.

ಕಣ್ಣುಗುಡ್ಡೆಯು ಎಲುಬಿನ ಗೂಡಿನಲ್ಲಿ ನೆಲಸಿದೆಯಷ್ಟೆ. ಗೂಡಿನ ಅಂಚು ದಪ್ಪ. ತಳವಾದರೋ ಕೆಲವೆಡೆ ಅರ್ಧ ಮಿಲಿಮೀಟರಿಗಿಂತಲೂ ತೆಳು. 1957ರಲ್ಲಿ ಅಮೆರಿಕದ ಸ್ಮಿತ್ ಮತ್ತು ರೀಗನ್ ಎಂಬ ವೈದ್ಯರು ಮೃತದೇಹದ ಮುಚ್ಚಿದ ಕಣ್ಣಿನ ಮೇಲೆ ಚೆಂಡನ್ನಿಟ್ಟು ಸುತ್ತಿಗೆಯಿಂದ ಹೊಡೆದರು. ಅಂಚು ಉಳಿಯಿತು, ತಳ ಒಡೆಯಿತು! ಕಣ್ಣುಗುಡ್ಡೆ ಹಿಂದಕ್ಕೆ ಸರಿದಾಗ ಒಳಗಿನ ಒತ್ತಡ ಎಲ್ಲ ದಿಕ್ಕಿಗೂ ಹರಡಿ, ದುರ್ಬಲವಾದ ಎಡೆಯನ್ನು ಭೇದಿಸುತ್ತದೆಂದು ಅವರು ವಿವರಿಸಿದರು. ಪೆಟ್ಟಿಗೆ ಅಂಚು ಕ್ಷಣಕಾಲ ಬಾಗುವುದರಿಂದಲೂ ತಳ ಮುರಿಯಬಹುದೆಂಬ ವಾದವೂ ಉಂಟು.

ವಯಸ್ಕರ ಎಲುಬು ಗಡುಸಾದುದರಿಂದ ಸಾಮಾನ್ಯವಾಗಿ ಚೂರಾಗುತ್ತದೆ. ಮಕ್ಕಳ ಎಲುಬು ಹಸಿ ಕಡ್ಡಿಯಂತೆ ಬಿರಿದು, ಬಾಗಿ, ಮರುಕ್ಷಣವೇ ಸ್ವಸ್ಥಾನಕ್ಕೆ ಮರಳಬಲ್ಲುದು. ಆಗ ಬಿರುಕಿಗೆ ಜಾರಿದ ಕಣ್ಣಿನ ಕೆಳಸ್ನಾಯು ಬೋನಿನ ಬಾಗಿಲಿಗೆ ಸಿಕ್ಕಿದ ಇಲಿಯಂತಾಗುತ್ತದೆ. ಕಣ್ಣು ಮೇಲಕ್ಕೆ ತಿರುಗದು. ಮೇಲೆ ನೋಡಿದರೆ ಒಂದು ವಸ್ತು ಎರಡಾಗಿ ಕಾಣುತ್ತದೆ. ಸ್ನಾಯುವಿನ ಎಳೆತವು ನರಗಳ ಮೂಲಕ ಮಿದುಳಿನ ಬುಡವನ್ನು ತಲಪಿ, ಅಲ್ಲಿಂದ ಹೃದಯದ ಬಡಿತವನ್ನು ನಿಧಾನಗೊಳಿಸಬಹುದು; ವಾಂತಿಯೂ ಆಗಬಹುದು. ಇದನ್ನು ಕಂಡವರು ತಲೆಗೆ ಪೆಟ್ಟಾಗಿದೆಯೆಂದಷ್ಟೇ ಬಗೆದು ಕಣ್ಣನ್ನು ಮರೆಯುವ ಸಂಭವವಿದೆ. ತಲೆಯ ಪರೀಕ್ಷೆ ಅಗತ್ಯವೇ ಸರಿ. ಕಣ್ಣಿನ ಚಲನೆಯ ಪರೀಕ್ಷೆಯೂ ಅಷ್ಟೇ ಅಗತ್ಯ.

ಏಕೆಂದರೆ ಹಿಸುಕಿದ ಸ್ನಾಯುವಿಗೆ ರಕ್ತ ಸಾಲದು. ವಯಸ್ಕರ ಅನೇಕ ಪ್ರಸಂಗಗಳಲ್ಲಿ ಊತ ಇಳಿಯಲೆಂದು ಒಂದೆರಡು ವಾರ ಕಾಯುವುದುಂಟು. ಮಕ್ಕಳಲ್ಲಿ ಸ್ನಾಯು ಹೀಗೆ ಸಿಲುಕಿದ್ದರೆ 24ರಿಂದ 48 ಗಂಟೆಗಳೊಳಗೆ ಬಿಡಿಸುವುದು ಲೇಸೆಂದು ಶಸ್ತ್ರವೈದ್ಯರ ಮತ. ಅವರು ಹಲವು ವೇಳೆ ಕೆಳರೆಪ್ಪೆಯ ಒಳಮಗ್ಗುಲಿನಿಂದ ಪ್ರವೇಶಿಸಿ, ಸ್ನಾಯುವನ್ನು ಮೆಲ್ಲನೆ ಮೇಲೆತ್ತಿ, ಬೇಕಾದರೆ ತೆಳುಹಾಳೆಯೊಂದರಿಂದ ಬಿರುಕನ್ನು ಮುಚ್ಚುತ್ತಾರೆ. ತಡವಾದರೆ ಸ್ನಾಯು ನಾರುಗಟ್ಟಿ, ಇಬ್ಬಗೆಯ ನೋಟ ಶಾಶ್ವತವಾಗಿ ಉಳಿಯಬಹುದು.

ಶಸ್ತ್ರವೈದ್ಯರ ಕೌಶಲ ಎಷ್ಟೇ ಬೆಳೆದರೂ, ಆಟದ ಮೈದಾನದಲ್ಲಿ ಕಳೆದ ಗಂಟೆಗಳನ್ನು ಅವರು ಹಿಂದಕ್ಕೆ ತರಲಾರರು. ಆದುದರಿಂದ ವ್ಯಾಯಾಮದ ಉಪಾಧ್ಯಾಯರೂ ಜೊತೆಯ ಆಟಗಾರರೂ ಒಂದು ಸರಳ ಪರೀಕ್ಷೆಯನ್ನು ಕಲಿತಿರಲಿ. ಕಣ್ಣನ್ನು ಒತ್ತದೆ, ಉಜ್ಜದೆ, ತಲೆಯನ್ನು ಅಲುಗಿಸದೆ, ಮೇಲಕ್ಕೆ ಸರಿಯುವ ಬೆರಳನ್ನು ನೋಡಲು ಹೇಳಿರಿ. ಒಂದು ಕಣ್ಣು ಹಿಂದುಳಿದರೆ, ಬೆರಳು ಎರಡಾಗಿ ಕಂಡರೆ, ವಾಂತಿಯಾದರೆ, ಕಣ್ಣು ಎಷ್ಟೇ ಬೆಳ್ಳಗಿರಲಿ, ನಾಳೆಯವರೆಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.