ಅಹವಾಲು ಸಭೆಯಲ್ಲಿ ಕುರಿಗಾಹಿಗೆ ಜಾಗವಿದೆಯೇ?

ತಮಿಳುನಾಡಿನ ಕಾಡಿನಿಂದ ಬರುವ ಆನೆಗಳು ಮಾಲೂರು, ಬಂಗಾರಪೇಟೆಯ ರೈತರಿಗೆ ಹೊಸತಲ್ಲ. ರಾಗಿ ಹೊಲಗಳು ನಾಶವಾಗಿವೆ, ಮನುಷ್ಯ ಜೀವಗಳೂ ಹೋಗಿವೆ. ಬಂಗಾರಪೇಟೆ ಭಾಗದ ಅರಣ್ಯವನ್ನು 2023ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಆನೆಗೂ ನೆಲೆ ಬೇಕು, ನಿಜ. ಆದರೆ ಇಂತಹ ಘೋಷಣೆಗೆ ಮುನ್ನ ಕಾಡಂಚಿನಲ್ಲಿ ಕುರಿ ಮೇಯಿಸುವವನನ್ನು, ಸೌದೆ ಆಯುವ ವಿಧವೆಯನ್ನು ಕೇಳುವ ಹೊಣೆ ಯಾರದು?

ಕಾನೂನಿನಲ್ಲೇ ವಿಚಿತ್ರವೊಂದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ 'ಸಂರಕ್ಷಣಾ ಮೀಸಲು ಪ್ರದೇಶ' ಘೋಷಿಸುವ ಮುನ್ನ ಸರಕಾರವು ಸ್ಥಳೀಯ ಸಮುದಾಯಗಳೊಡನೆ ಸಮಾಲೋಚಿಸಲೇಬೇಕು. ಅದಕ್ಕಿಂತ ಕಠಿಣ ನಿರ್ಬಂಧಗಳಿರುವ ವನ್ಯಜೀವಿಧಾಮವನ್ನು ಮೀಸಲು ಅರಣ್ಯದೊಳಗೆ ರಚಿಸುವುದಾದರೆ ಆ ಕಡ್ಡಾಯವಿಲ್ಲ. ಮೀಸಲು ಅರಣ್ಯವಾದಾಗಲೇ ಜನರ ಹಕ್ಕುಗಳು ಇತ್ಯರ್ಥವಾಗಿವೆ ಎಂಬುದು ತರ್ಕ. ಅಜ್ಜನ ಕಾಲದ ಇತ್ಯರ್ಥವು ಮೊಮ್ಮಗನ ಹೊಟ್ಟೆ ತುಂಬಿಸುವುದೇ?

ಸಮಾಲೋಚನೆಯೆಂದರೆ ಅಡ್ಡಿ ಎಂದು ಭಾವಿಸುವವರು ಗದಗದ ಕಪ್ಪತಗುಡ್ಡವನ್ನು ನೆನಪಿಸಿಕೊಳ್ಳಲಿ. 2015ರ ಕೊನೆಗೆ ಅದನ್ನು ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿದ ಸರಕಾರವು 2016ರ ನವೆಂಬರ್‌ನಲ್ಲಿ ಆದೇಶ ಹಿಂಪಡೆಯಿತು. ಜನರನ್ನು ಕೇಳಿಲ್ಲವೆಂಬುದೇ ಕಾರಣವಾಯಿತು. ಚಿನ್ನದ ಗಣಿಗೆ ಕಾದವರಿಗೆ ಇನ್ನೇನು ಬೇಕಿತ್ತು? (ಚಿನ್ನ ತೆಗೆದ ನೆಲದ ಗತಿಯನ್ನು ಕೆಜಿಎಫ್‌ನ ಸೈನೈಡ್ ದಿಬ್ಬಗಳನ್ನು ಕಂಡ ಕೋಲಾರದವರಿಗೆ ಯಾರೂ ಹೇಳಿಕೊಡಬೇಕಿಲ್ಲ.) ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನ ಬೀದಿಗಿಳಿದರು. 2017ರ ಆರಂಭದಲ್ಲಿ ಗದಗದಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆಯಿತು, ಜನ ಗುಡ್ಡದ ಪರ ನಿಂತರು. ಅದೇ ವರ್ಷ ಮೀಸಲು ಸ್ಥಾನ ಮರಳಿತು. 2019ರಲ್ಲಿ ವನ್ಯಜೀವಿಧಾಮವೂ ಆಯಿತು. ಜನರನ್ನು ಬಿಟ್ಟು ಮಾಡಿದ ಆದೇಶ ಒಂದು ವರ್ಷವೂ ಬಾಳಲಿಲ್ಲ, ಕೇಳಿ ಮಾಡಿದ್ದು ಉಳಿಯಿತು.

ಮೀಸಲು ಭೂಮಿಯ ಕಲ್ಪನೆ ಇಸ್ಲಾಮೀ ಇತಿಹಾಸಕ್ಕೂ ಅಪರಿಚಿತವಲ್ಲ, ಅದರ ಹೆಸರು 'ಹಿಮಾ'. ಖಲೀಫಾ ಉಮರ್(ರ) ಹಿಮಾದ ಕಾವಲುಗಾರನಿಗೆ ಕೊಟ್ಟ ನಿರ್ದೇಶನ ಬುಖಾರಿಯಲ್ಲಿ ದಾಖಲಾಗಿದೆ. ನಾಲ್ಕಾರು ಒಂಟೆ-ಆಡುಗಳಿರುವ ಬಡವನನ್ನು ಒಳಗೆ ಬಿಡಬೇಕು, ಸಿರಿವಂತ ಸಹಾಬಿಗಳ ಮಂದೆಗಳನ್ನು ತಡೆಯಬೇಕು. ಸಿರಿವಂತನ ಜಾನುವಾರು ಸತ್ತರೆ ಅವನಿಗೆ ತೋಟ, ಹೊಲಗಳಿವೆ. ಬಡವನು ಮಕ್ಕಳನ್ನು ಕಟ್ಟಿಕೊಂಡು ಖಲೀಫರ ಬಾಗಿಲಿಗೇ ಬರಬೇಕು. ನಮ್ಮಲ್ಲಿ ನಡೆಯುತ್ತಿರುವುದು ಬಹುತೇಕ ಇದರ ವಿರುದ್ಧ. ಗಣಿಯವನಿಗೆ ವಕೀಲನಿದ್ದಾನೆ, ಕುರಿಗಾಹಿಗೆ ಪ್ರಕಟಣೆ ಓದಿ ಹೇಳುವವನೂ ಇಲ್ಲ.

ನಮ್ಮ ಜಮಾಅತ್‌ಗಳದ್ದೂ ತಪ್ಪಿದೆ. ಖಬರಸ್ತಾನದ ಜಾಗಕ್ಕೆ ಅರ್ಜಿ ಹಿಡಿದು ಕಚೇರಿ ಸುತ್ತುವ ನಾವು ಕಾಡು, ಕೆರೆ, ಗೋಮಾಳಗಳ ಸಭೆಯಲ್ಲಿ ಕಾಣಿಸಿಕೊಳ್ಳುವುದಿಲ್ಲ. ಜಿಲ್ಲೆಯಲ್ಲಿ ಮುಂದೆ ಯಾವ ಕಾಡಿನ ಕುರಿತು ತೀರ್ಮಾನವಾಗುವುದಿದ್ದರೂ, ಕಾನೂನು ಕಡ್ಡಾಯಗೊಳಿಸಿರಲಿ ಬಿಡಲಿ, ಸಭೆ ನಡೆಯಬೇಕಾದುದು ಕೋಲಾರದ ಕಚೇರಿಯಲ್ಲಿ ನಡುಹಗಲಲ್ಲಲ್ಲ. ಮಂದೆ ಮರಳಿದ ಮೇಲೆ, ಆಯಾ ಹಳ್ಳಿಯಲ್ಲಿ, ಜನರಾಡುವ ಕನ್ನಡ, ತೆಲುಗು, ಉರ್ದುವಿನಲ್ಲಿ ನಡೆಯಲಿ.