ಪಟ್ಟಿಯಲ್ಲಿ ಕೋರ್ಸಿದೆ, ಪಾಠ ಮಾಡುವವರು ಎಲ್ಲಿ?

ಪರೀಕ್ಷೆಯ ಫಲಿತಾಂಶ ಬಂದದ್ದೇ ತಡ, ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಿಂದ ಪ್ರವೇಶ ಪ್ರಕಟಣೆಗಳು ಹೊರಬೀಳುತ್ತವೆ. ಬಿ.ಎ., ಬಿ.ಎಸ್ಸಿ., ಬಿ.ಕಾಂ., ಬಿಸಿಎ, ಅದರ ಕೆಳಗೆ ಎಂ.ಎ., ಎಂ.ಎಸ್ಸಿ. ವಿಷಯಗಳ ಉದ್ದನೆಯ ಪಟ್ಟಿ. ಕನ್ನಡ, ಇತಿಹಾಸ, ತತ್ವಶಾಸ್ತ್ರ, ಭೂವಿಜ್ಞಾನ, ಸಸ್ಯಶಾಸ್ತ್ರ, ಜಾನಪದ. ಓದಿದರೆ ಹೊಟ್ಟೆ ತುಂಬುತ್ತದೆ. ಈ ಪಟ್ಟಿಯನ್ನು ನಂಬಿ ಬರುವವರು ಯಾರೆಂದು ಒಮ್ಮೆ ನೋಡಿ. ಕೈಯಲ್ಲಿ ಕಾಸಿದ್ದವರ ಮಕ್ಕಳು ಖಾಸಗಿ ವಿಶ್ವವಿದ್ಯಾಲಯಕ್ಕೋ ಹೊರದೇಶಕ್ಕೋ ಹೋಗಿಯಾಯಿತು. ಸರ್ಕಾರಿ ವಿಶ್ವವಿದ್ಯಾಲಯದ ಬಾಗಿಲಿಗೆ ಬರುವವರಲ್ಲಿ ಹೆಚ್ಚಿನವರು ಕೂಲಿ ಮಾಡುವವರ, ಎರಡೆಕರೆ ಹೊಲದವರ, ಅಂಗನವಾಡಿ ಕಾರ್ಯಕರ್ತೆಯರ ಮಕ್ಕಳು. ಇವರ ಪಾಲಿಗೆ ಆ ಪಟ್ಟಿ ಸರ್ಕಾರ ಕೊಟ್ಟ ಮಾತು. ಆ ಮಾತಿಗೆ ನಾವು ತಪ್ಪುತ್ತಿದ್ದೇವೆ, ಅದೂ ಗೊತ್ತಿದ್ದೇ ತಪ್ಪುತ್ತಿದ್ದೇವೆ.

ಇಂಥ ಒಂದು ವಿಶ್ವವಿದ್ಯಾಲಯದ ವಿಭಾಗವೊಂದರ ಪಡಸಾಲೆಯಲ್ಲಿ ಗೋಡೆಗೆ ಅಂಟಿಸಿದ್ದ ವೇಳಾಪಟ್ಟಿ ನೋಡಿದ್ದೆ. ಪತ್ರಿಕೆಯ ಹೆಸರಿನ ಎದುರು ಪಾಠ ಮಾಡುವವರ ಹೆಸರಿರಬೇಕಾದ ಕಡೆ ‘ಜಿ.ಎಫ್.-1’, ‘ಜಿ.ಎಫ್.-2’, ‘ಜಿ.ಎಫ್.-3’ ಎಂದಿತ್ತು. ಅಂದರೆ ಗೆಸ್ಟ್ ಫ್ಯಾಕಲ್ಟಿ. ಆ ವರ್ಷ ಯಾರು ಬರುತ್ತಾರೋ ಇನ್ನೂ ಗೊತ್ತಿಲ್ಲವಾದ್ದರಿಂದ ಹೆಸರಿನ ಬದಲು ನಂಬರು. ಪಕ್ಕದ ಕೋಣೆಯಲ್ಲಿ ಮಗಳನ್ನು ಸೇರಿಸಲು ಬಂದ ತಂದೆಯೊಬ್ಬರು ಗುಮಾಸ್ತರನ್ನು ಕೇಳುತ್ತಿದ್ದರು: “ಸಾ, ಈ ಎಮ್ಮೆಸ್ಸಿ ಮಾಡಿದ್ರೆ ಮೇಷ್ಟ್ರು ಕೆಲಸ ಸಿಗ್ತದಾ?” ಗುಮಾಸ್ತರು ಫೈಲಿನಿಂದ ತಲೆ ಎತ್ತದೆ ಹೇಳಿದರು: “ಯಜಮಾನ್ರೇ, ಮೊದ್ಲು ಕೋರ್ಸು ನಡೀತದಾ ನೋಡಣ. ಜನ ಸೇರದಿದ್ರೆ ಈ ಸಲ ಇಲ್ಲ ಅಂದವ್ರೆ.” ಆ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಪಾಪ, ಇದ್ದದ್ದನ್ನು ಇದ್ದಹಾಗೆ ಹೇಳಿದ್ದರು.

ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿ ಏನು ಹೇಳಿತ್ತು? ಗುತ್ತಿಗೆಯ ಮೇಲೆ ಅಧ್ಯಾಪಕರನ್ನು ತೆಗೆದುಕೊಳ್ಳುವುದು ತೀರಾ ಅನಿವಾರ್ಯವಾದಾಗ ಮಾತ್ರ, ಅದೂ ಒಟ್ಟು ಹುದ್ದೆಗಳ ಶೇ. 10ನ್ನು ಮೀರಬಾರದು. ಅದೇ ಆಯೋಗ 2019ರಲ್ಲಿ ಅತಿಥಿ ಅಧ್ಯಾಪಕರಿಗೆ ತರಗತಿಯೊಂದಕ್ಕೆ 1,500 ರೂಪಾಯಿ, ತಿಂಗಳಿಗೆ 50,000ದವರೆಗೆ ಗೌರವಧನ ಕೊಡಬಹುದೆಂದಿತು. ನಮ್ಮಲ್ಲಿ ನಡೆಯುತ್ತಿರುವುದೇನು? ಸರ್ಕಾರಿ ಪದವಿ ಕಾಲೇಜುಗಳಲ್ಲಿ 2024ರ ಹೊತ್ತಿಗೆ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರಿದ್ದರು. ಅವರು ಆ ವರ್ಷದ ಜನವರಿಯಲ್ಲಿ ಸೇವಾ ಭದ್ರತೆ ಕೇಳಿ ತುಮಕೂರಿನಿಂದ ಬೆಂಗಳೂರಿನ ಕಡೆ ಪಾದಯಾತ್ರೆ ಹೊರಟಿದ್ದನ್ನು ಪತ್ರಿಕೆಯಲ್ಲಿ ನೋಡಿ ನಾವೆಲ್ಲ ಪುಟ ತಿರುವಿದೆವು. ಇವರಲ್ಲಿ ಪಿಎಚ್.ಡಿ. ಮಾಡಿದವರಿದ್ದಾರೆ, ಕೆ-ಸೆಟ್, ನೆಟ್ ಪಾಸಾದವರಿದ್ದಾರೆ, ತಲೆ ನರೆತವರಿದ್ದಾರೆ. ರಜೆ ಬಂದರೆ ಸಂಬಳವಿಲ್ಲ, ಜೂನ್ ಬಂದರೆ ಮತ್ತೆ ಅರ್ಜಿ. ಇಂಥವರು ಸಂಶೋಧನೆಗೆ ಮಾರ್ಗದರ್ಶನ ಮಾಡಲಿ, ಪ್ರಯೋಗಾಲಯ ಕಟ್ಟಲಿ ಎಂದು ಯಾವ ಬಾಯಿಂದ ಕೇಳುತ್ತೀರಿ? ಅವರು ಪಾಠ ಮಾಡುತ್ತಿರುವುದೇ ದೊಡ್ಡದು.

ಈಗ ಆಡಳಿತದವರ ಲೆಕ್ಕ. “ವಿದ್ಯಾರ್ಥಿಗಳೇ ಬರುತ್ತಿಲ್ಲ, ಕೋರ್ಸು ನಡೆಸಿ ಏನು ಪ್ರಯೋಜನ?” ವಿದ್ಯಾರ್ಥಿಗಳು ಯಾಕೆ ಬರುತ್ತಿಲ್ಲ ಎಂಬುದರ ಬೇರು ಹಿಡಿದು ಹೋಗಿ. ಹಳೆಯ ವಿಶ್ವವಿದ್ಯಾಲಯಗಳಿಗೆ ಒಂದಿಷ್ಟು ಸ್ವಂತ ಆದಾಯ ಬರುವುದು ಸಂಯೋಜಿತ ಕಾಲೇಜುಗಳ ಸಂಯೋಜನಾ ಶುಲ್ಕದಿಂದ, ಪರೀಕ್ಷಾ ಶುಲ್ಕದಿಂದ. ಜಿಲ್ಲೆಗೊಂದು ವಿಶ್ವವಿದ್ಯಾಲಯ ಎಂದು ಹೊಸದನ್ನು ಘೋಷಿಸಿದಾಗ ಕಾಲೇಜುಗಳು ಆ ಕಡೆ ಹೋದವು, ಜೊತೆಗೆ ಹಣವೂ ಹೋಯಿತು. ಪಿಂಚಣಿಯ ಭಾರ ಮಾತ್ರ ಹಳೆಯದರ ಹೆಗಲ ಮೇಲೆಯೇ ಉಳಿಯಿತು. ನಿವೃತ್ತರಾದ ಪ್ರಾಧ್ಯಾಪಕರ ಜಾಗ ತುಂಬಲಿಲ್ಲ. ನೇಮಕದ ಕಡತ ಮೀಸಲಾತಿ ರೋಸ್ಟರ್ ಎಂದು ಒಂದು ವರ್ಷ, ಆರ್ಥಿಕ ಇಲಾಖೆಯ ಅನುಮೋದನೆ ಎಂದು ಇನ್ನೊಂದು ವರ್ಷ ಕೂತಿತು. ಪಾಠ ಮಾಡುವವರಿಲ್ಲದ ವಿಭಾಗಕ್ಕೆ ಯಾವ ತಂದೆತಾಯಿ ಮಕ್ಕಳನ್ನು ಕಳಿಸುತ್ತಾರೆ? ಸೇರುವವರು ಕಡಿಮೆಯಾದರು. ಕಡಿಮೆಯಾದರೆಂದು ಕೋರ್ಸಿಗೆ ಬೀಗ. ಹೊಸ ವಿಶ್ವವಿದ್ಯಾಲಯಗಳನ್ನಾದರೂ ಕೈಹಿಡಿದು ಬೆಳೆಸಿದೆವೋ? ಇಲ್ಲ. 2025ರಲ್ಲಿ ಅವುಗಳಲ್ಲಿ ಒಂಬತ್ತನ್ನು ಮುಚ್ಚುವ ಮಾತನ್ನು ಸಚಿವ ಸಂಪುಟದ ಉಪಸಮಿತಿಯೇ ಆಡಿತು. ಹೆರುವವರು ಒಬ್ಬರು, ಸಾಕುವವರು ಯಾರೂ ಇಲ್ಲ.

ಇದರ ನಡುವೆ ಪಠ್ಯಕ್ರಮದ ಗೊಂದಲ ಬೇರೆ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯೆಂದು ನಾಲ್ಕು ವರ್ಷದ ಪದವಿ ತಂದೆವು. 2024ರಲ್ಲಿ ಮತ್ತೆ ಮೂರು ವರ್ಷ ಎಂದೆವು. ಒಂದೇ ಕಾಲೇಜಿನಲ್ಲಿ ಅಕ್ಕನಿಗೊಂದು ಪದ್ಧತಿ, ತಂಗಿಗೊಂದು ಪದ್ಧತಿ. ಯಾವುದು ಒಳ್ಳೆಯದು ಎಂಬ ಚರ್ಚೆಗೆ ನಾನಿಲ್ಲಿ ಇಳಿಯುವುದಿಲ್ಲ. ಮೂರು ವರ್ಷವೋ ನಾಲ್ಕೋ, ತರಗತಿಗೆ ಬರುವವರು ಜಿ.ಎಫ್.-1 ಆಗಿದ್ದರೆ ವ್ಯತ್ಯಾಸವೇನು?

ತಲೆ ಎಣಿಸಿ ಕೋರ್ಸು ನಡೆಸುವ ಪಂಡಿತರಿಗೆ ಒಂದು ಪ್ರಶ್ನೆ. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರು ವಿಶ್ವವಿದ್ಯಾಲಯ ಸ್ಥಾಪಿಸಿದರು. ಅಲ್ಲಿ ಕನ್ನಡ ಎಂ.ಎ. ಶುರುವಾದದ್ದು 1927ರಲ್ಲಿ. ಟಿ.ಎಸ್. ವೆಂಕಣ್ಣಯ್ಯನವರು ಅಧ್ಯಾಪಕರು, ಎದುರಿಗೆ ಬೆರಳೆಣಿಕೆಯ ವಿದ್ಯಾರ್ಥಿಗಳು. ಅವರಲ್ಲಿ ಕುವೆಂಪು ಒಬ್ಬರು, ಡಿ.ಎಲ್. ನರಸಿಂಹಾಚಾರ್ ಇನ್ನೊಬ್ಬರು. ಇಷ್ಟು ಜನ ಸೇರದಿದ್ದರೆ ಕೋರ್ಸಿಲ್ಲ ಎನ್ನುವ ಇವತ್ತಿನ ‘ಕನಿಷ್ಠ ಸಂಖ್ಯೆ’ಯ ಸುತ್ತೋಲೆ ಅಂದು ಇದ್ದಿದ್ದರೆ ಆ ತರಗತಿ ನಡೆಯುತ್ತಿತ್ತೇ? ಅದೇ ವಿಶ್ವವಿದ್ಯಾಲಯದ ಇತಿಹಾಸದ ಪ್ರಾಧ್ಯಾಪಕರೂ ಸಂಸ್ಥಾನದ ಪ್ರಾಚ್ಯವಸ್ತು ಇಲಾಖೆಯ ನಿರ್ದೇಶಕರೂ ಆಗಿದ್ದ ಎಂ.ಎಚ್. ಕೃಷ್ಣ ಅವರು 1936ರಲ್ಲಿ ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು ಬೆಳಕಿಗೆ ತಂದರು. ಕನ್ನಡದ ವಯಸ್ಸು ಹೇಳಲು ನಾವು ಇವತ್ತಿಗೂ ಎತ್ತಿ ತೋರಿಸುವುದು ಅದನ್ನೇ. ಊರ ಗುಡಿಯ ಹಿಂದೆ, ಕೆರೆ ಏರಿಯ ಮೇಲೆ ಓದದೆ ಬಿದ್ದಿರುವ ಕಲ್ಲುಗಳು ಇನ್ನೂ ಇವೆ. ಶಾಸನಶಾಸ್ತ್ರದ ಪತ್ರಿಕೆಯನ್ನೇ ತೆಗೆದುಹಾಕಿದರೆ ಅವನ್ನು ಓದುವವರನ್ನು ಎಲ್ಲಿಂದ ತರುತ್ತೀರಿ? ಸಸ್ಯಶಾಸ್ತ್ರ ವಿಭಾಗದ ಹರ್ಬೇರಿಯಂ ಕಪಾಟು ತೆರೆದು ನೋಡಿ. ಪಶ್ಚಿಮ ಘಟ್ಟದಿಂದ ತಂದು ಒಣಗಿಸಿ, ಹಾಳೆಗೆ ಅಂಟಿಸಿ, ಹೆಸರು ಬರೆದಿಟ್ಟ ಗಿಡಗಳನ್ನು ಹುಳು ತಿನ್ನುತ್ತಿರುತ್ತದೆ. ಕೀಲಿಕೈ ಇಟ್ಟುಕೊಂಡಿದ್ದ ಮೇಷ್ಟ್ರು ನಿವೃತ್ತರಾಗಿರುತ್ತಾರೆ.

ಬಿ.ಕಾಂ., ಬಿಸಿಎ ಬೇಡ ಎನ್ನುತ್ತಿಲ್ಲ. ಆ ಓದಿನಿಂದ ಮನೆಗೆ ಅನ್ನ ಬರುತ್ತದೆ, ಬರಲಿ. ಆದರೆ ಜನ ತುಂಬಿ ತುಳುಕುವ ಆ ತರಗತಿಗಳಲ್ಲೂ ಕಾಯಂ ಅಧ್ಯಾಪಕರನ್ನು ಹುಡುಕಬೇಕಾಗಿದೆ. ಹಾಗಾಗಿ ವಿದ್ಯಾರ್ಥಿಗಳ ಕೊರತೆ ಎಂಬುದು ನೆಪ.

ಸಿಂಡಿಕೇಟ್ ಸದಸ್ಯರೇ, ನಿಮ್ಮನ್ನು ಆ ಕುರ್ಚಿಯಲ್ಲಿ ಕೂರಿಸಿದ ಪಕ್ಷ ಯಾವುದೇ ಇರಲಿ, ಮಂಜೂರಾದ ಹುದ್ದೆ ತುಂಬದೆ ಕೋರ್ಸು ಮುಚ್ಚುವ ಪ್ರಸ್ತಾವ ಬಂದರೆ ಸಹಿ ಹಾಕಬೇಡಿ. ಪ್ರಾಧ್ಯಾಪಕ ಮಿತ್ರರೇ, ನಿಮ್ಮಲ್ಲಿ ಬಹಳಷ್ಟು ಮಂದಿ ಇಂಥದೇ ಸಣ್ಣ ವಿಭಾಗದಲ್ಲಿ, ಹಾಸ್ಟೆಲ್ ಊಟ ತಿಂದು ಓದಿ ಮೇಲೆ ಬಂದವರು. ಪಕ್ಕದ ವಿಭಾಗಕ್ಕೆ ಬೀಗ ಬೀಳುವಾಗ ಸುಮ್ಮನೆ ಕೂರುವುದು ನಿಮಗೆ ಒಪ್ಪುವುದಿಲ್ಲ. ತಂದೆತಾಯಿಗಳೇ, ಶುಲ್ಕ ಕಟ್ಟುವ ಮೊದಲು ಕೌಂಟರಿನಲ್ಲಿ ಗಟ್ಟಿಯಾಗಿ ಕೇಳಿ: ಈ ವಿಷಯಕ್ಕೆ ಕಾಯಂ ಮೇಷ್ಟ್ರು ಎಷ್ಟು ಜನ ಇದ್ದಾರೆ?

ಈ ಪ್ರಶ್ನೆಗೆ ಉತ್ತರ ಪ್ರಕಟಣೆಯಲ್ಲೇ ಅಚ್ಚಾಗಬೇಕು. ಪ್ರತಿ ಕೋರ್ಸಿನ ಹೆಸರಿನ ಮುಂದೆ ಮಂಜೂರಾದ ಹುದ್ದೆ ಎಷ್ಟು, ತುಂಬಿರುವುದು ಎಷ್ಟು, ಖಾಲಿ ಎಷ್ಟು ದಿನದಿಂದ ಎಂಬ ಮೂರು ಕಲಮು. ಇದಕ್ಕೆ ಆರ್ಥಿಕ ಇಲಾಖೆಯ ಅನುಮೋದನೆ ಬೇಕಿಲ್ಲ, ಒಂದು ಪೈಸೆ ಖರ್ಚಿಲ್ಲ. ಮುಂದಿನ ವಿದ್ಯಾವಿಷಯಕ ಪರಿಷತ್ತಿನ ಸಭೆಯ ಕಾರ್ಯಸೂಚಿಯಲ್ಲಿ ಇದನ್ನು ಸೇರಿಸಿ. ಯಾರು ಪರವಾಗಿ ಕೈ ಎತ್ತಿದರು, ಯಾರು ವಿರೋಧಿಸಿದರು ಎಂಬುದು ನಡಾವಳಿ ಪುಸ್ತಕದಲ್ಲಿ ಹೆಸರು ಸಮೇತ ದಾಖಲಾಗಲಿ.