ಮನೆಯ ನೆಟ್ ಮನೆಯಲ್ಲೇ ಇರಲಿ

ಐವಾನ್-ಎ-ಶಾಹಿ ಸುತ್ತಮುತ್ತಲ ನಮ್ಮ ಓಣಿಗಳಲ್ಲಿ ಬಹಳಷ್ಟು ಮನೆಗಳಿಗೆ ಇಂಟರ್‌ನೆಟ್ ಇದೆ. ಆದರೆ ಅದು ಮನೆಯಲ್ಲಿ ಇರುವುದಿಲ್ಲ, ಯಾರದೋ ಜೇಬಿನಲ್ಲಿ ಇರುತ್ತದೆ. ಅಬ್ಬಾ ಬೆಳಿಗ್ಗೆ ಅಂಗಡಿಗೆ ಹೊರಟರೆ ನೆಟ್ ಕೂಡ ಅವರ ಜೊತೆ ಹೊರಡುತ್ತದೆ. ಭಾಯಿ ಸಂಜೆ ಸೂಪರ್ ಮಾರ್ಕೆಟ್ ಕಡೆ ಹೋದರೆ ಹಾಟ್‌ಸ್ಪಾಟ್ ಕೂಡ ಅತ್ತ ಹೋಯಿತು. ಉಳಿದವರು ರಾತ್ರಿ ಒಂಬತ್ತರ ತನಕ ಕಾಯಬೇಕು. ಅಷ್ಟೊತ್ತಿಗೆ ಆ ಫೋನಿನ ಆ ದಿನದ ಡೇಟಾ ತಳ ಕಂಡಿರುತ್ತದೆ.

ಕಾಯುವವರು ಯಾರು ಅಂತ ನೋಡಿ. ನಮ್ಮ ಮನೆಯಲ್ಲಿ ಅಮ್ಮಿ, ಆಪಾ, ನಾನು. ಆಪಾ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಎ. ಓದುತ್ತಾಳೆ, ಅಮ್ಮಿ ಹೊಲಿಗೆ ಕೆಲಸಕ್ಕೆ ಹೊಸ ಕಟಿಂಗ್ ನೋಡುತ್ತಾರೆ, ನನಗೆ ಅಕೌಂಟೆನ್ಸಿ ಪಾಠದ ವಿಡಿಯೋ ಬೇಕು. ಹಗಲೆಲ್ಲ ಮನೆಯಲ್ಲಿ ಇರುವವರಿಗೇ ಹಗಲು ನೆಟ್ ಇಲ್ಲ. ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಮನೆಗೆ ಒಂದು ಸಿಮ್ ಹಾಕುವ ವೈಫೈ ರೂಟರ್ ತರುವುದು ಶೋಕಿ ಅಲ್ಲ. ಫ್ರಿಜ್, ಮಿಕ್ಸರ್ ಹಾಗೆ ಅದೂ ಮನೆಯ ಸಾಮಾನು.

ಫೈಬರ್ ಹಾಕಿಸಬಾರದೇ ಅಂತ ನೀವು ಕೇಳುತ್ತೀರಿ. ಸ್ವಂತ ಮನೆ ಇದ್ದು, ಓಣಿಯಲ್ಲಿ ಕೇಬಲ್ ಬಂದಿದ್ದರೆ ಖಂಡಿತ ಹಾಕಿಸಿ, ಈ ಲೇಖನ ಮುಂದೆ ಓದುವ ಅಗತ್ಯವೂ ಇಲ್ಲ. ಡೇಟಾ ಹೆಚ್ಚು, ವೇಗ ಹೆಚ್ಚು. ಆದರೆ ನಮ್ಮಲ್ಲಿ ಎಷ್ಟೋ ಮನೆಯವರು ಬಾಡಿಗೆಗೆ ಇದ್ದಾರೆ. ಗೋಡೆಗೆ ತೂತು ಹಾಕಲು ಮಾಲೀಕರ ಒಪ್ಪಿಗೆ ಬೇಕು. ಹನ್ನೊಂದು ತಿಂಗಳ ಕರಾರು ಮುಗಿದು ಮನೆ ಬದಲಿಸಿದರೆ ಮತ್ತೆ ಮೊದಲಿನಿಂದ ಶುರು. ನಮ್ಮ ಅಬ್ಬಾ ಒಂದೇ ಮಾತಿನಲ್ಲಿ ಮುಗಿಸಿದರು: "ವೈರ್ ನಕ್ಕೋ." ಇನ್ನೊಂದು ವಿಷಯ ಕರೆಂಟ್. ಫೈಬರ್ ಪೆಟ್ಟಿಗೆಗೆ ಬ್ಯಾಕಪ್ ಇಲ್ಲದಿದ್ದರೆ ಕರೆಂಟ್ ಹೋದ ಕ್ಷಣ ಅದೂ ಹೋಗುತ್ತದೆ. ಬ್ಯಾಟರಿ ಇರುವ ಸಿಮ್ ರೂಟರ್ ಇನ್ನೂ ಕೆಲವು ಗಂಟೆ ನಡೆಯುತ್ತದೆ. ಕಲಬುರಗಿಯ ಏಪ್ರಿಲ್, ಮೇ ತಿಂಗಳು ಕಂಡವರಿಗೆ ಇದರ ಬೆಲೆ ಹೇಳಬೇಕಿಲ್ಲ.

ಈಗ ಲೆಕ್ಕ. ಕಾಮರ್ಸ್ ವಿದ್ಯಾರ್ಥಿ ಬರೆಯುವ ಲೇಖನದಲ್ಲಿ ಲೆಕ್ಕ ಇಲ್ಲದಿದ್ದರೆ ನಮ್ಮ ಸರ್ ಬಿಡುವುದಿಲ್ಲ. ರೂಟರ್‌ಗೆ ಕೊಡುವ ಹಣ ಬಂಡವಾಳ ವೆಚ್ಚ, ರೀಚಾರ್ಜ್ ಮಾಡುವ ಹಣ ಕಂದಾಯ ವೆಚ್ಚ. ಅಂಗಡಿಯಲ್ಲಿ ಎಲ್ಲರೂ ಚೌಕಾಸಿ ಮಾಡುವುದು ಮೊದಲನೆಯದಕ್ಕೆ. ಆದರೆ ಜೇಬು ಖಾಲಿ ಮಾಡುವುದು ಎರಡನೆಯದು. ರೂಟರ್ ಬೆಲೆ 2,400 ರೂಪಾಯಿ, ಎರಡು ವರ್ಷ ಬಾಳುತ್ತದೆ ಎಂದಿಟ್ಟುಕೊಳ್ಳೋಣ. ಸವಕಳಿ ತಿಂಗಳಿಗೆ ನೂರು ರೂಪಾಯಿ ಆಯಿತು. ರೀಚಾರ್ಜ್ 300 ರೂಪಾಯಿ ಎಂದಿಟ್ಟುಕೊಂಡರೆ ವರ್ಷಕ್ಕೆ ಎಷ್ಟು? ಹನ್ನೆರಡರಿಂದ ಗುಣಿಸಿ 3,600 ಅಂದರೆ ತಪ್ಪು. ಪ್ಲಾನ್ 28 ದಿನದ್ದು. 365ನ್ನು 28ರಿಂದ ಭಾಗಿಸಿ, ಹದಿಮೂರು ಬರುತ್ತದೆ. ಅಂದರೆ 3,900 ರೂಪಾಯಿ. ಕ್ಯಾಲೆಂಡರಿನಲ್ಲಿ ಇಲ್ಲದ ಹದಿಮೂರನೇ ತಿಂಗಳಿಗೂ ನಾವು ಹಣ ಕಟ್ಟುತ್ತೇವೆ. ಇದರ ಬಗ್ಗೆ ಜನ ದೂರಿದ ಮೇಲೆ ಟ್ರಾಯ್ ಸಂಸ್ಥೆ 2022ರ ಜನವರಿಯಲ್ಲಿ ಒಂದು ಆದೇಶ ಹೊರಡಿಸಿತು: ಪ್ರತಿ ಕಂಪನಿಯೂ 30 ದಿನದ ಪ್ಲಾನ್ ಮತ್ತು ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸುವ ಪ್ಲಾನ್ ಕನಿಷ್ಠ ಒಂದೊಂದಾದರೂ ಇಡಬೇಕು. ಅಂಗಡಿಯವರು ತಾವಾಗಿ ಇವನ್ನು ತೋರಿಸುವುದು ಕಡಿಮೆ. ನಾವೇ ಕೇಳಬೇಕು. 2024ರ ಜುಲೈ ಮೊದಲ ವಾರದಲ್ಲಿ ಜಿಯೋ, ಏರ್‌ಟೆಲ್, ವಿಐ ಮೂರೂ ಒಟ್ಟೊಟ್ಟಿಗೆ ದರ ಏರಿಸಿದ ಮೇಲಂತೂ ಕೇಳಲೇಬೇಕು.

ಪ್ಲಾನ್ ಆರಿಸುವಾಗ ಇನ್ನೊಂದು. ರೂಟರ್ ಯಾರಿಗೂ ಫೋನ್ ಮಾಡುವುದಿಲ್ಲ. ಹಾಗಿದ್ದ ಮೇಲೆ ಅನಿಯಮಿತ ಕರೆ, ದಿನಕ್ಕೆ ನೂರು ಎಸ್ಸೆಮ್ಮೆಸ್ಸಿಗೆ ಹಣ ಯಾಕೆ? ಡೇಟಾ ಮಾತ್ರ ಕೊಡುವ ಪ್ಲಾನ್ ಇದೆಯೇ, ಅದರ ಜೊತೆ ಬೇರೆ ಮೂಲ ಪ್ಲಾನ್ ಚಾಲ್ತಿಯಲ್ಲಿ ಇರಬೇಕೇ ಎಂದು ಕೇಳಿ ಬರೆದುಕೊಳ್ಳಿ. ಹಾಗೆಯೇ ದಿನದ ಮಿತಿಯ ಪ್ಲಾನೋ, ಒಟ್ಟು ಡೇಟಾದ ಪ್ಲಾನೋ ನೋಡಿ. ದಿನಕ್ಕೆ 2 ಜಿಬಿ ಅಂದರೆ 28 ದಿನಕ್ಕೆ 56 ಜಿಬಿ, ಕೇಳಲು ದೊಡ್ಡದು. ಆದರೆ ಜುಮಾ ದಿನ ಉಳಿದ ಡೇಟಾ ಶನಿವಾರಕ್ಕೆ ಬರುವುದಿಲ್ಲ, ಭಾನುವಾರ ಮೂವರೂ ಓದಲು ಕೂತರೆ ಮಧ್ಯಾಹ್ನಕ್ಕೇ ಖಾಲಿ. ಮನೆಗೆ ಒಟ್ಟು ಡೇಟಾದ ಪ್ಲಾನೇ ವಾಸಿ ಎಂದು ನನ್ನ ಎಣಿಕೆ.

ಮಿತಿ ಮುಗಿದ ಮೇಲೆ ಏನಾಗುತ್ತದೆ ಎಂಬುದು ಜಾಹೀರಾತಿನ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಇರುತ್ತದೆ: ವೇಗ 64 ಕೆಬಿಪಿಎಸ್. ನೆಟ್ ನಿಲ್ಲುವುದಿಲ್ಲ, ಅದಕ್ಕೇ "ಅನ್‌ಲಿಮಿಟೆಡ್" ಅನ್ನುತ್ತಾರೆ. 64 ಕಿಲೋಬಿಟ್ ಅಂದರೆ ಸೆಕೆಂಡಿಗೆ 8 ಕಿಲೋಬೈಟ್. ನಾಲ್ಕು ಎಂಬಿಯ ಒಂದು ಮಾದರಿ ಪ್ರಶ್ನೆಪತ್ರಿಕೆ ಇಳಿಯಲು ಎಂಟೂವರೆ ನಿಮಿಷ. 2023ರಿಂದ ಕೇಂದ್ರ ದೂರಸಂಪರ್ಕ ಇಲಾಖೆಯ ಲೆಕ್ಕದಲ್ಲಿ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಕನಿಷ್ಠ 2 ಎಂಬಿಪಿಎಸ್ ಬೇಕು. ನಮಗೆ ಉಳಿಯುವುದು ಅದರ ಮೂವತ್ತರಲ್ಲಿ ಒಂದು ಪಾಲು.

ಸಾಧನದ ಬಗ್ಗೆ ಎರಡೇ ಮಾತು ಮುಖ್ಯ. ಒಂದು, ಅದು ಒಂದೇ ಕಂಪನಿಯ ಸಿಮ್‌ಗೆ ಲಾಕ್ ಆಗಿರಬಾರದು. ಒಂದು ಓಣಿಯಲ್ಲಿ ಒಂದು ಕಂಪನಿಯ ಸಿಗ್ನಲ್ ಚೆನ್ನಾಗಿದ್ದರೆ ಪಕ್ಕದ ಓಣಿಯಲ್ಲಿ ಇನ್ನೊಂದರದ್ದು. ಕಮಲಾಪುರದಿಂದ ಬಂದುಹೋಗುವ ಗೆಳತಿಯರನ್ನು ಕೇಳಿ, ಉತ್ತರವೇ ಬೇರೆ ಇರುತ್ತದೆ. ಎರಡು, ನಮ್ಮ ದೇಶದ 4ಜಿ ಬ್ಯಾಂಡುಗಳು ಅದರಲ್ಲಿ ಇರಬೇಕು, ಮುಖ್ಯವಾಗಿ 850, 1800, 2300 ಮೆಗಾಹರ್ಟ್ಸ್. ಬೇರೆ ದೇಶಕ್ಕೆಂದು ತಯಾರಾದ ಅಗ್ಗದ ಪೆಟ್ಟಿಗೆಗಳಲ್ಲಿ ಇವೆಲ್ಲ ಇದ್ದೇ ಇರುತ್ತವೆ ಎಂದು ಹೇಳಲಾಗದು. ಕಡಿಮೆ ಆವರ್ತನದ ಅಲೆ ಗೋಡೆಯನ್ನು ಚೆನ್ನಾಗಿ ದಾಟುತ್ತದೆ, ಹೆಚ್ಚಿನದು ದಾಟಲು ಕಷ್ಟಪಡುತ್ತದೆ. ನಿಜಾಮರ ಕಾಲದ ಐವಾನ್-ಎ-ಶಾಹಿ ಕಟ್ಟಡವನ್ನು ಬಿಡಿ, ನಮ್ಮ ಹಳೇ ಮನೆಗಳ ಕಲ್ಲಿನ ಗೋಡೆಗಳೂ ಕಡಿಮೆ ದಪ್ಪ ಇಲ್ಲ. ಒಳಕೋಣೆಯ ಅಲಮಾರಿಯ ಮೇಲೆ ಇಟ್ಟು "ನೆಟ್ ನೈಂ ಆರಾ" ಅಂತ ಬೈದರೆ ಏನು ಬಂತು? ಕಿಟಕಿಯ ಹತ್ತಿರ ಇಡಿ. ಆದರೆ ನೇರ ಬಿಸಿಲಿಗೆ ಬೇಡ, ದಿನವಿಡೀ ಚಾರ್ಜರಿಗೆ ಸಿಕ್ಕಿಸಿಟ್ಟ ಬ್ಯಾಟರಿ ನಮ್ಮ ಊರಿನ ಸೆಕೆಗೆ ಉಬ್ಬಿಕೊಳ್ಳಬಹುದು. ಕೊಳ್ಳುವ ಮೊದಲು ಯಾರದಾದರೂ ಫೋನಿನಲ್ಲಿ ಆ ಸಿಮ್ ಹಾಕಿ, ಅದೇ ಕಿಟಕಿಯಲ್ಲಿ, ರಾತ್ರಿ ಇಶಾ ಆದ ಮೇಲೆ ಎಲ್ಲರೂ ನೆಟ್ ಬಳಸುವ ಹೊತ್ತಿನಲ್ಲಿ ವೇಗ ನೋಡಿ. ಬೆಳಗಿನ ಆರು ಗಂಟೆಯ ವೇಗ ನೋಡಿ ಮರುಳಾಗಬೇಡಿ.

ನಮ್ಮ ಮಾಮೂ ಒಂದು ವಾದ ಮಾಡುತ್ತಾರೆ. ಎಲ್ಲರ ಕೈಗೂ ಒಂದೊಂದು ಫೋನ್, ಒಂದೊಂದು ರೀಚಾರ್ಜ್ ಕೊಟ್ಟರೆ ರೂಟರ್ ಯಾಕೆ? ಸರಿ, ಆದರೆ ನಮ್ಮ ಮನೆಗಳಲ್ಲಿ ಎಲ್ಲರ ಕೈಗೂ ಕೊಡುತ್ತೇವೆಯೇ? ಹುಡುಗರಿಗೆ ಹತ್ತನೇ ತರಗತಿ ಮುಗಿದ ಕೂಡಲೇ ಫೋನ್, ಹುಡುಗಿಯರಿಗೆ "ಮದುವೆ ಆದಮೇಲೆ ನೋಡೋಣ". ರೂಟರ್ ಬಂದರೆ ಅಮ್ಮಿಯ ಹಳೇ ಫೋನು, ಪರದೆ ಒಡೆದ ಟ್ಯಾಬು, ಸಿಮ್ ಇಲ್ಲದ್ದು ಎಲ್ಲ ಓದಿಗೆ ಬರುತ್ತವೆ. ಹೆಣ್ಣುಮಕ್ಕಳ ಕೈಗೆ ನೆಟ್ ಸಿಕ್ಕರೆ ಕೆಡುತ್ತಾರೆ ಎಂಬ ಭಯ ಇರುವವರಿಗೂ ಒಂದು ಮಾತು: ನಾಲ್ಕು ಜನರ ನಡುವೆ, ದಿವಾನ್‌ಖಾನೆಯಲ್ಲಿ ಇರುವ ನೆಟ್, ಜೇಬಿನ ನೆಟ್‌ಗಿಂತ ಹೆಚ್ಚು ಬಯಲಿನಲ್ಲಿದೆ. 2019ರ ಸೆಪ್ಟೆಂಬರ್ 19ರಂದು ಕೇರಳ ಹೈಕೋರ್ಟ್ ಫಹೀಮಾ ಶಿರಿನ್ ಪ್ರಕರಣದಲ್ಲಿ, ಇಂಟರ್‌ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗ ಎಂದು ಹೇಳಿತು. ಸಂಜೆ ಆರರಿಂದ ರಾತ್ರಿ ಹತ್ತರ ತನಕ ಫೋನ್ ಬಳಸಬಾರದೆಂಬ ಹಾಸ್ಟೆಲ್ ನಿಯಮಕ್ಕೆ ಒಪ್ಪದೆ ಹಾಸ್ಟೆಲ್‌ನಿಂದ ಹೊರಬಿದ್ದ ಪದವಿ ವಿದ್ಯಾರ್ಥಿನಿ ಆಕೆ. ಆಗ ಆಕೆ ಈಗಿನ ನಮಗಿಂತ ಒಂದೆರಡು ವರ್ಷ ದೊಡ್ಡವಳು, ಅಷ್ಟೇ. ನಾವು ಕೋರ್ಟಿಗೆ ಹೋಗುವುದು ಬೇಡ, ದಸ್ತರ್‌ಖಾನ್ ಮುಂದೆ ಕೂತಾಗ ಕೇಳಿದರೆ ಸಾಕು.

ಕೇಳಲೇಬೇಕು, ಏಕೆಂದರೆ ಹದಿನೆಂಟು ತುಂಬದ ನಾವು ನಮ್ಮ ಹೆಸರಿನಲ್ಲಿ ಸಿಮ್ ತೆಗೆದುಕೊಳ್ಳುವಂತಿಲ್ಲ. 1872ರ ಕರಾರು ಕಾಯ್ದೆ ಅಪ್ರಾಪ್ತರನ್ನು ಕರಾರಿಗೆ ಅರ್ಹರೆಂದು ಒಪ್ಪುವುದಿಲ್ಲ. ಪಾಲುದಾರಿಕೆ ಪಾಠದಲ್ಲಿ ಅಪ್ರಾಪ್ತರನ್ನು ಲಾಭಕ್ಕೆ ಮಾತ್ರ ಸೇರಿಸಿಕೊಳ್ಳಬಹುದು ಎಂದು ಓದುತ್ತೇವಲ್ಲ, ರೂಟರ್ ವಿಷಯದಲ್ಲಿ ನಮ್ಮ ಸ್ಥಾನ ಅದೇ! ಸಿಮ್ ಅಮ್ಮಿಯ ಹೆಸರಿನಲ್ಲಿ ಇರಲಿ ಎಂಬುದು ನನ್ನ ಸಲಹೆ. ಆಗ ರೀಚಾರ್ಜ್ ನೆನಪಿನ ಮೆಸೇಜು, ಪಾಸ್‌ವರ್ಡು, ರಾತ್ರಿ ಹನ್ನೊಂದಕ್ಕೆ ಆಫ್ ಮಾಡುವ ಅಧಿಕಾರ ಎಲ್ಲ ಮನೆಯಲ್ಲೇ ಉಳಿಯುತ್ತದೆ. ಡಬ್ಬಿಯ ಮೇಲೆ ಬರೆದ ಪಾಸ್‌ವರ್ಡ್ ಮೊದಲ ದಿನವೇ ಬದಲಿಸಿ. ನೆರೆಯವರ ಹಕ್ಕು ದೊಡ್ಡದು, ಒಪ್ಪುತ್ತೇನೆ, ಬಿರಿಯಾನಿ ಎಷ್ಟು ಬೇಕಾದರೂ ಕಳಿಸೋಣ. 56 ಜಿಬಿಯಲ್ಲಿ ಮಾತ್ರ ಪಾಲು ಕೊಡಲು ಆಗುವುದಿಲ್ಲ.

ಕೊನೆಗೆ ನಮ್ಮ ಉಪನ್ಯಾಸಕರಲ್ಲಿ ಒಂದು ವಿನಂತಿ. ತಾವು ಗ್ರೂಪಿಗೆ ಹಾಕುವ ನೋಟ್ಸುಗಳು ಬಹಳ ಉಪಯೋಗವಾಗುತ್ತಿವೆ. ಆದರೆ ಪುಟಪುಟದ ಫೋಟೋ ತೆಗೆದು ಮಾಡಿದ ಪಿಡಿಎಫ್ ಕೆಲವೊಮ್ಮೆ 40 ಎಂಬಿ ಇರುತ್ತದೆ. ಡೇಟಾ ಮುಗಿದ ಮನೆಯಲ್ಲಿ ಅದು ಇಳಿಯಲು ಒಂದು ಗಂಟೆ ಇಪ್ಪತ್ತೈದು ನಿಮಿಷ ಬೇಕು. ಕಪ್ಪು-ಬಿಳುಪಿನಲ್ಲಿ ಸ್ಕ್ಯಾನ್ ಮಾಡಿ, ಗಾತ್ರ ಕುಗ್ಗಿಸಿ, ಪರೀಕ್ಷೆಯ ಹಿಂದಿನ ರಾತ್ರಿಗೆ ಬದಲು ಎರಡು ದಿನ ಮೊದಲು ಹಾಕಿದರೆ ರೂಟರ್ ಇದ್ದವರಿಗೂ ಇಲ್ಲದವರಿಗೂ ಒಂದೇ ಹೊತ್ತಿಗೆ ಸಿಗುತ್ತದೆ.